ಹಾಫ್ ಟೈಮ್‌ನ ಹದಿನೈದು ನಿಮಿಷ: ಒಬ್ಬ ಮಾಜಿ ಆಟಗಾರ ಕೋಚ್ ಆದ ಪ್ರಕರಣ

ಇದು ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್‌ನಲ್ಲಿ ಒಂದೇ ಸೀಸನ್‌ನಲ್ಲಿ ನಡೆದದ್ದು. ಆಗ ನಾನು ಆ ತಂಡದ ಸಹಾಯಕ ಕೋಚ್. ಹಾಜರಿ ಪುಸ್ತಕ, ನೀರಿನ ಕ್ಯಾನು, ಚೆಂಡಿನ ಚೀಲ ಎಲ್ಲ ನನ್ನ ಜವಾಬ್ದಾರಿ. ಕ್ಲಬ್ ಯಾವುದು, ಯಾವ ವರ್ಷ, ಯಾರ್‍ಯಾರು ಅಂತ ಹೇಳುವುದಿಲ್ಲ. ಗುರುತು ಸಿಗದಿರಲಿ ಎಂದು ಒಂದೆರಡು ವಿವರ ಬದಲಿಸಿದ್ದೇನೆ. ಆಟಗಾರರನ್ನು ಅವರು ಆಡುವ ಜಾಗದ ಹೆಸರಿನಿಂದಲೇ ಕರೆಯುತ್ತೇನೆ. ಮುಖ್ಯ ಕೋಚನ್ನು ಹುಡುಗರೆಲ್ಲ ‘ಅಣ್ಣ’ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಬರೆಯಬಹುದಾ ಎಂದು ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: “ನಾನು ಮಾಡಿದ ತಪ್ಪು ಬಿಡಬೇಡ. ಓದೋರಿಗೆ ಬೇಕಾಗಿರೋದು ಅದೇ.”

ಅಣ್ಣ ಎಲ್ಲಿಂದ ಬಂದವರು

ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್ ಕಡೆ ಓಡಾಡಿದವರಿಗೆ ಗೊತ್ತು, ಅಲ್ಲಿನ ಗಲ್ಲಿಗಳಲ್ಲಿ ಫುಟ್‌ಬಾಲ್ ಹುಚ್ಚು ಎಷ್ಟು ಅಂತ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಅಣ್ಣ ಹುಟ್ಟಿ ಬೆಳೆದದ್ದು ಅಂಥದೇ ಒಂದು ಏರಿಯಾದಲ್ಲಿ. ಬರಿಗಾಲಲ್ಲಿ ಆಡಿ, ಶಾಲಾ ತಂಡಕ್ಕೆ ಬಂದು, ಹತ್ತೊಂಬತ್ತನೇ ವಯಸ್ಸಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಕಾರಿ ಕಾರ್ಖಾನೆಯೊಂದರ ಕೆಲಸಕ್ಕೆ ಸೇರಿದರು. ಐಟಿಐ, ಎಚ್‌ಎಎಲ್, ಬಿಇಎಂಎಲ್, ಎಲ್‌ಆರ್‌ಡಿಇ ಎಲ್ಲವೂ ಒಂದು ಕಾಲದಲ್ಲಿ ತಂಡ ಕಟ್ಟಿ ಆಡಿಸಿದ ಸಂಸ್ಥೆಗಳೇ. ಬೆಳಗ್ಗೆ ಹೋಗಿ ಸಹಿ ಹಾಕುವುದು, ಮಧ್ಯಾಹ್ನ ಮೈದಾನಕ್ಕೆ ಬರುವುದು, ತಿಂಗಳ ಕೊನೆಗೆ ಸಂಬಳ ಎಣಿಸಿಕೊಳ್ಳುವುದು. ಫುಟ್‌ಬಾಲ್ ಆಡಿ ಮನೆ ಕಟ್ಟಿ, ತಂಗಿ ಮದುವೆ ಮಾಡಿದ ಎಷ್ಟೋ ಜನ ಈ ಊರಲ್ಲಿದ್ದಾರೆ. ಅಣ್ಣ ಅವರಲ್ಲಿ ಒಬ್ಬರು.

ಮಿಡ್‌ಫೀಲ್ಡ್‌ನಲ್ಲಿ ಆಡುತ್ತಿದ್ದರು. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಯಲ್ಲಿ ರಾಜ್ಯಕ್ಕೆ ಆಡಿದರು. ಎರಡು ವರ್ಷ ಕೋಲ್ಕತ್ತದಲ್ಲೂ ಆಡಿ ಬಂದರು. ಆಮೇಲೆ ಮಂಡಿ ಕೈಕೊಟ್ಟಿತು. ಆಟ ಬಿಟ್ಟ ಮೇಲೆ ಕೋಚಿಂಗ್‌ನ ಡಿ ಲೈಸೆನ್ಸ್, ಅದಾದ ಮೇಲೆ ಸಿ ಲೈಸೆನ್ಸ್ ಮಾಡಿಕೊಂಡರು. ನಲವತ್ತು ದಾಟಿದ ಮೇಲೆ ಬೆಂಗಳೂರು ಲೀಗ್‌ನಲ್ಲಿ ಸೂಪರ್ ಡಿವಿಷನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಎ ಡಿವಿಷನ್‌ನ ಈ ಹಳೇ ಕ್ಲಬ್ ಅವರನ್ನು ಕರೆಯಿತು. ದುಡ್ಡು ಕಡಿಮೆ, ಮರ್ಯಾದೆ ಜಾಸ್ತಿ. ಖುಷಿಯಿಂದ ಒಪ್ಪಿಕೊಂಡರು.

ಕೋಲ್ಕತ್ತದಿಂದ ಅವರು ಒಂದು ನಂಬಿಕೆಯನ್ನೂ ಹೊತ್ತು ತಂದಿದ್ದರು. ಪಿ.ಕೆ. ಬ್ಯಾನರ್ಜಿ ಅಂದರೆ ಅಣ್ಣನಿಗೆ ದೇವರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕ, 1962ರ ಜಕಾರ್ತ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಗೋಲು ಹೊಡೆದವರು, ಆಮೇಲೆ ದೊಡ್ಡ ಕೋಚ್. ಪಂದ್ಯಕ್ಕೆ ಮುಂಚೆ ಅವರು ಆಡುತ್ತಿದ್ದ ಮಾತಿಗೆ ‘ವೋಕಲ್ ಟಾನಿಕ್’ ಎಂದೇ ಹೆಸರಿತ್ತು. ಕೋಲ್ಕತ್ತದ ಹಳೇ ಟೂರ್ನಿ ಐಎಫ್‌ಎ ಶೀಲ್ಡ್‌ನ 1975ರ ಫೈನಲ್‌ನಲ್ಲಿ ಬದ್ಧ ಎದುರಾಳಿ ಮೋಹನ್ ಬಗಾನ್‌ಗೆ ಐದು ಗೋಲು ಹೊಡೆದ ಈಸ್ಟ್ ಬೆಂಗಾಲ್ ಅವರದೇ ತಂಡ. ಆ ಕಥೆ ಹೇಳುವಾಗ ಅಣ್ಣನ ಕಣ್ಣು ಹೊಳೆಯುತ್ತಿತ್ತು. ಕೋಚ್ ಅಂದರೆ ಹುಡುಗರ ರಕ್ತ ಕುದಿಸುವವನು, ಅಷ್ಟೇ. ಹೀಗೆ ನಂಬಿಕೊಂಡು ಬಂದಿದ್ದರು. ನಾನೂ ನಂಬಿದ್ದೆ.

ಟಾನಿಕ್ ಕೆಲಸ ಮಾಡಿದ್ದು, ನಿಂತದ್ದು

ಮೊದಲ ನಾಲ್ಕು ಪಂದ್ಯಗಳಲ್ಲಿ ಮೂರು ಗೆಲುವು, ಒಂದು ಡ್ರಾ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಡ್ರೆಸಿಂಗ್ ರೂಮಿನಲ್ಲಿ ಅಣ್ಣ ಮಾತಾಡಿದರೆ ನನಗೂ ರೋಮ ನಿಲ್ಲುತ್ತಿತ್ತು. ನಮ್ಮೂರಿನವರು ಒಲಿಂಪಿಕ್ಸ್‌ಗೆ ಹೋಗಿ ಆಡಿದ್ದು, ಆಗಿನ ಮೈಸೂರು ರಾಜ್ಯದ ತಂಡ 1968-69ರಲ್ಲಿ ಸಂತೋಷ್ ಟ್ರೋಫಿ ತಂದದ್ದು, ಅಲ್ಲಿಂದ ದಶಕಗಳ ಕಾಲ ಆ ಕಪ್ ಈ ಕಡೆ ತಲೆ ಹಾಕದಿದ್ದದ್ದು (ಮತ್ತೆ ಬಂದದ್ದು 2023ರಲ್ಲಿ), ಎಲ್ಲ ಬರುತ್ತಿತ್ತು. ಕೊನೆಗೆ ಗೋಡೆಗೆ ಗುದ್ದಿ “ಹೋಗ್ರೋ!” ಅಂದರೆ ಹುಡುಗರು ಬಾಗಿಲು ಕಿತ್ತುಕೊಂಡು ಹೋಗುವ ಹಾಗೆ ಓಡುತ್ತಿದ್ದರು.

ಐದನೇ ಪಂದ್ಯದಿಂದ ಎಲ್ಲ ಕೆಟ್ಟಿತು. ಮುಂದಿನ ಐದು ಪಂದ್ಯಗಳಲ್ಲಿ ನಾಲ್ಕು ಸೋಲು, ಒಂದು ಡ್ರಾ. ಬಿ ಡಿವಿಷನ್‌ಗೆ ಇಳಿಯುವ ಭಯ ಶುರುವಾಯಿತು.

ಹುಡುಗರಲ್ಲಿ ಹಸಿವಿಲ್ಲ, ಇದು ಅಣ್ಣನ ಲೆಕ್ಕ. “ನಮ್ ಕಾಲದಲ್ಲಿ ಹಿಂಗಿರಲಿಲ್ಲ” ಎನ್ನುವ ಮಾತು ದಿನಕ್ಕೆ ಮೂರು ಸಲ ಬರುತ್ತಿತ್ತು. ಹಾಗಾಗಿ ಟಾನಿಕ್‌ನ ಡೋಸ್ ಏರಿಸಿದರು. ಮಾತು ಉದ್ದವಾಯಿತು, ದನಿ ಜೋರಾಯಿತು. ಪ್ರಾಕ್ಟೀಸಿಗೆ ತಡವಾಗಿ ಬಂದರೆ ನೂರು ರೂಪಾಯಿ ದಂಡ ಹಾಕಿದರು. ಎರಡು ಪಂದ್ಯ ಮಂಕಾಗಿ ಆಡಿದ ರೈಟ್ ವಿಂಗರನ್ನು, ಅಂದರೆ ಬಲ ಅಂಚಿನಲ್ಲಿ ಮುಂದೆ ಆಡುವವನನ್ನು, ಬೆಂಚಿನಲ್ಲಿ ಕೂರಿಸಿದರು. ಯಾಕೆ ಅಂತ ಅವನಿಗೆ ಹೇಳಲಿಲ್ಲ. “ಅವನಿಗೇ ಗೊತ್ತಾಗಬೇಕು, ಅಲ್ವಾ?” ಅಂದರು ನನಗೆ. ನಾನು ತಲೆ ಆಡಿಸಿದೆ. ಅವತ್ತು ತಲೆ ಆಡಿಸಬಾರದಿತ್ತು.

ಇನ್ನೊಂದು ಅಭ್ಯಾಸ ಇತ್ತು. ಅದು ತಪ್ಪು ಅಂತ ನಮಗೆ ಯಾರಿಗೂ ಅನಿಸಿರಲಿಲ್ಲ. ಪ್ರಾಕ್ಟೀಸಿನಲ್ಲಿ ವೃತ್ತವಾಗಿ ನಿಂತು ಪಾಸ್ ಆಡಿಸುವಾಗ ಅಣ್ಣನೂ ಒಳಗೆ ಬರುತ್ತಿದ್ದರು. ಮಂಡಿ ಹಾಳಾಗಿತ್ತು ನಿಜ, ಆದರೆ ಚೆಂಡು ಕಾಲಿಗೆ ಬಂದರೆ ಈಗಲೂ ಜಾದೂ. ಒಂದು ದಿನ ನಮ್ಮ ಸ್ಟಾಪರ್ (ಗೋಲಿನ ಮುಂದೆ ನಡುವೆ ನಿಂತು ತಡೆಯುವವನು) ಅಡ್ಡ ಬಂದಾಗ ಅವನ ಎರಡೂ ಕಾಲಿನ ನಡುವೆ ಚೆಂಡು ತೂರಿಸಿದರು. ಎಲ್ಲರೂ ಹೋ ಎಂದು ನಕ್ಕರು. ಇನ್ನೊಂದು ಸಲ ತೂರಿಸಿದರು. ಆ ಸ್ಟಾಪರ್ ಇಪ್ಪತ್ತರ ಹುಡುಗ, ಒಳ್ಳೇ ಎತ್ತರ, ಗಟ್ಟಿ ಆಳು. ಮುಂದಿನ ಪಂದ್ಯದಲ್ಲಿ ಎದುರಾಳಿ ಫಾರ್ವರ್ಡ್ ಚೆಂಡು ತಂದಾಗ ಅವನು ಮುಂದೆ ನುಗ್ಗಲೇ ಇಲ್ಲ. ಕಾಲು ಜೋಡಿಸಿಕೊಂಡು ಹಿಂದೆ ಹಿಂದೆ ಹೋದ. ಕಾಲು ಜೋಡಿಸಿಕೊಂಡ ಅನ್ನುವುದು ನನಗೆ ಹೊಳೆದದ್ದು ಎಷ್ಟೋ ದಿನ ಕಳೆದ ಮೇಲೆ.

ಆ ಒಂದು ಪ್ರಶ್ನೆ

ಒಂಬತ್ತನೇ ಪಂದ್ಯ, ಮಧ್ಯಾಹ್ನದ ಬಿಸಿಲು. ಅಲ್ಲಿರುವುದು ಕೃತಕ ಹುಲ್ಲು, ಬೂಟಿನ ತಳದಿಂದಲೇ ಕಾವು ಏರುತ್ತದೆ. ಹಾಫ್ ಟೈಮ್‌ಗೆ 0-2. ಎರಡೂ ಗೋಲು ನಮ್ಮ ಎಡಗಡೆಯಿಂದ ಬಂದಿದ್ದವು.

ನಿಯಮದ ಪ್ರಕಾರ ಹಾಫ್ ಟೈಮ್ ಹದಿನೈದು ನಿಮಿಷ ಮೀರುವ ಹಾಗಿಲ್ಲ. ಒಳಗೆ ಬಂದು, ಬೂಟು ಸಡಿಲಿಸಿ, ನೀರು ಕುಡಿಯುವಷ್ಟರಲ್ಲಿ ಮೂರು ನಿಮಿಷ ಹೋಗಿರುತ್ತದೆ. ಅವತ್ತು ಉಳಿದದ್ದರಲ್ಲಿ ಹತ್ತು ನಿಮಿಷ ಅಣ್ಣ ಮಾತಾಡಿದರು. ಮಾತು ಅಂದರೆ ಬೈಗುಳ, ಬೇಡಿಕೆ, ಇತಿಹಾಸ, ಕಣ್ಣೀರು ಎಲ್ಲ ಸೇರಿ. ಅರ್ಧ ಕನ್ನಡ, ಅರ್ಧ ತಮಿಳು. ನಾನು ಮೂಲೆಯಲ್ಲಿ ನಿಂತು ಹುಡುಗರ ಮುಖ ನೋಡುತ್ತಿದ್ದೆ. ಮಣಿಪುರದಿಂದ ಬಂದ ನಮ್ಮ ಲೆಫ್ಟ್ ವಿಂಗರ್‌ಗೆ ಆ ಎರಡು ಭಾಷೆಯೂ ಬರುವುದಿಲ್ಲ, ಹಿಂದಿಯಲ್ಲಿ ಹೇಳಿದರೆ ಅರ್ಥವಾಗುತ್ತದೆ. ಮಾತು ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಉಳಿದವರಿಗಿಂತ ಒಂದು ಗಳಿಗೆ ತಡವಾಗಿ. ಪಕ್ಕದವನ ಕೈ ನೋಡಿಕೊಂಡು.

ಹೊರಗೆ ಹೋಗುವಾಗ ಹಿಂದೆ ಎಡಗಡೆ ಕಾಯುವ ಲೆಫ್ಟ್ ಬ್ಯಾಕ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಸಾರ್, ಅವರ ವಿಂಗರ್ ಒಳಗಡೆ ಕಟ್ ಮಾಡಿದ್ರೆ ನಾನು ಅವನ ಹಿಂದೆ ಹೋಗ್ಲಾ, ಇಲ್ಲ ಸ್ಟಾಪರ್ ಬರ್ತಾನಾ?”

ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಎರಡೂ ಗೋಲಿನ ಕಾರಣ, ಅಂದರೆ ಅಂಚಿನಿಂದ ಒಳಗೆ ತಿರುಗಿದ ವಿಂಗರನ್ನು ಯಾರು ತಡೆಯಬೇಕು ಅನ್ನುವ ಗೊಂದಲ, ಆ ಪ್ರಶ್ನೆಯೊಳಗೇ ಇತ್ತು. ಹತ್ತು ನಿಮಿಷದ ಮಾತಿನಲ್ಲಿ ಅದನ್ನು ಕೇಳಲು ಅವನಿಗೆ ಜಾಗ ಸಿಗಲಿಲ್ಲ. ಕೇಳಿದ್ದರೆ ‘ಧೈರ್ಯ ಇಲ್ಲದವನು’ ಅನಿಸಿಕೊಳ್ಳುವ ಭಯ ಬೇರೆ. ರೆಫರಿ ಕರೆಯುತ್ತಿದ್ದರು. ನಾನು ಏನೋ ಅರ್ಧಂಬರ್ಧ ಹೇಳಿ ಕಳಿಸಿದೆ. 1-4ರಲ್ಲಿ ಸೋತೆವು.

ಆ ಸಂಜೆ ಸ್ಟೇಡಿಯಂ ಹೊರಗೆ ಟೀ ಕುಡಿಯುವಾಗ ಅಣ್ಣನಿಗೆ ಈ ಪ್ರಶ್ನೆ ಹೇಳಿದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ತುಂಬ ಹೊತ್ತು ಸುಮ್ನೆ ಇದ್ದರು. ಆಮೇಲೆ, “ನಂಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ ಕಣಪ್ಪ. ತಾನಾಗೇ ಗೊತ್ತಾಗೋದು. ಅದಕ್ಕೇ ಹೇಳಿಕೊಡಬೇಕು ಅಂತ ಹೊಳೀಲೇ ಇಲ್ಲ” ಅಂದರು.

ಚೆನ್ನಾಗಿ ಆಡಿದವರು ಕೋಚ್ ಆದಾಗ ಎಡವುವುದು ಬಹಳ ಸಲ ಇಲ್ಲೇ ಅಂತ ನನಗೆ ಅನಿಸುತ್ತದೆ. ಅವರ ಕಾಲಿಗೆ ಗೊತ್ತಿರುವುದನ್ನು ಬಾಯಲ್ಲಿ ಹೇಳಿ ಅವರಿಗೆ ಅಭ್ಯಾಸವಿರುವುದಿಲ್ಲ. ಹುಡುಗನಿಗೆ ಬರದಿದ್ದರೆ ‘ಮನಸ್ಸಿಲ್ಲ’ ಅಂದುಕೊಳ್ಳುತ್ತಾರೆ. ಇಟಲಿಯ ಅರಿಗೊ ಸಾಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ. ಅವರ ಎಸಿ ಮಿಲಾನ್ 1989, 1990ರಲ್ಲಿ ಸತತ ಎರಡು ಸಲ ಯುರೋಪಿಯನ್ ಕಪ್ ಗೆದ್ದಿತು. ಯಾರು ಎಲ್ಲಿ ನಿಲ್ಲಬೇಕು, ಪಕ್ಕದವನು ಕದಲಿದರೆ ತಾನು ಎಷ್ಟು ಕದಲಬೇಕು ಅನ್ನುವುದನ್ನು ಅಷ್ಟು ಬಿಡಿಸಿ ಹೇಳಿಕೊಟ್ಟ ಕೋಚ್ ಅವರು. ಬ್ಯಾನರ್ಜಿ ಅವರ ಮಾತನ್ನು ನಾನು ಸಣ್ಣದು ಮಾಡುತ್ತಿಲ್ಲ. ಆ ಮಾತಿನ ಹಿಂದೆ ಮೈದಾನದಲ್ಲಿ ಮಾಡಿಸಿದ ಕೆಲಸ ಇತ್ತು. ನಾವು ಟಾನಿಕ್ ಮಾತ್ರ ತಂದಿದ್ದೆವು, ಊಟ ತಂದಿರಲಿಲ್ಲ.

ಗೋಲ್‌ಕೀಪರ್ ಮನೆ

ಆ ವಾರವೇ ಇನ್ನೊಂದು ನಡೆಯಿತು. ಗೋಲ್‌ಕೀಪರ್ ಮೂರು ದಿನ ಬೆಳಗಿನ ಆರೂವರೆಯ ಪ್ರಾಕ್ಟೀಸ್ ತಪ್ಪಿಸಿದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ದಂಡ ಮುನ್ನೂರು ರೂಪಾಯಿಗೆ ಏರಿತ್ತು. ಅಣ್ಣ ಅವನನ್ನು ತಂಡದಿಂದ ತೆಗೆಯುವ ನಿರ್ಧಾರಕ್ಕೆ ಬಂದಿದ್ದರು. “ಮುಖ ನೋಡಿ ಹೇಳಿ ಬರೋಣ ನಡಿ” ಅಂತ ನನ್ನನ್ನೂ ಬೈಕ್ ಹತ್ತಿಸಿಕೊಂಡರು.

ಒಂದೇ ಕೋಣೆಯ ಮನೆ. ಬಾಗಿಲಲ್ಲಿ ಅವನ ಸ್ಕೂಟರ್, ಅದರ ಹಿಂದೆ ಊಟ ಡೆಲಿವರಿ ಮಾಡುವ ಚೌಕದ ಚೀಲ. ಅವನ ತಾಯಿ ಹೊರಗೆ ಬಂದು ಬಾಯಿ ಮೇಲೆ ಬೆರಳಿಟ್ಟರು. “ಈಗ ತಾನೇ ಮಲಗಿದ ಸಾರ್. ರಾತ್ರಿ ಎರಡಾಯ್ತು ಬಂದಾಗ. ಎದ್ದು ಬರ್ತೀನಿ ಅಂತಲೇ ಬೂಟು ತಲೆ ಹತ್ತಿರ ಇಟ್ಕೊಂಡಿದ್ದಾನೆ.” ಒಳಗೆ ಇಣುಕಿದೆ. ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ದಿಂಬಿನ ಪಕ್ಕ ಬೂಟು, ಅದರೊಳಗೆ ಮಡಚಿಟ್ಟ ಗ್ಲೌಸ್.

ಅಣ್ಣ ಎಬ್ಬಿಸಲಿಲ್ಲ. “ಮಲಗಲಿ ಬಿಡಮ್ಮ” ಅಂದು ಬೈಕ್ ಹತ್ತಿರ ಬಂದರು. ಸ್ಟಾರ್ಟ್ ಮಾಡದೆ ಅದರ ಮೇಲೆ ಕೂತೇ ಹೇಳಿದರು: “ನಂಗೆ ಆಡೋಕೆ ಸಂಬಳ ಕೊಡ್ತಿದ್ರು. ಇವನು ಆಡೋಕೋಸ್ಕರ ಸಂಬಳ ಬಿಡ್ತಿದ್ದಾನೆ. ನಾನು ಇವನಿಗೆ ಹಸಿವಿಲ್ಲ ಅಂದೆ.”

ಇಡೀ ಪ್ರಕರಣದಲ್ಲಿ ನಿಜವಾದ ತಿರುವು ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಲ್ಲಿಯವರೆಗೆ ಅಣ್ಣ ಪ್ರತಿ ಹುಡುಗನಲ್ಲೂ ತಮ್ಮದೇ ಹತ್ತೊಂಬತ್ತನೇ ವಯಸ್ಸನ್ನು ಹುಡುಕುತ್ತಿದ್ದರು. ಆ ವಯಸ್ಸಿನ ಬೆನ್ನಿಗೆ ಒಂದು ಕಾರ್ಖಾನೆ ನಿಂತಿತ್ತು ಎನ್ನುವುದನ್ನು ಮರೆತಿದ್ದರು.

ಬದಲಿಸಿದ್ದು

ಎಲ್ಲ ಒಂದೇ ದಿನದಲ್ಲಿ ಬದಲಾಗಲಿಲ್ಲ. ಮೊದಲು ಸಮಯ ಬದಲಿಸಿದೆವು. ಮೈದಾನ ನಮ್ಮದಲ್ಲ, ಕ್ರಿಕೆಟ್ ಹುಡುಗರ ಜೊತೆ ಹಂಚಿಕೊಂಡಿದ್ದು. ಅವರ ಹತ್ತಿರ ಮಾತಾಡಿ ವಾರದಲ್ಲಿ ಎರಡು ದಿನ ಸಂಜೆ ನಾಲ್ಕು ಗಂಟೆಗೆ ಜಾಗ ಪಡೆದೆವು. ದಂಡ ತೆಗೆದರು. ಬರಲಾಗದಿದ್ದರೆ ಹಿಂದಿನ ರಾತ್ರಿ ಮೆಸೇಜ್ ಹಾಕಬೇಕು, ಅಷ್ಟೇ. ಈ ನಿಯಮ ಮಾಡಿದ್ದು ಹುಡುಗರೇ. ಅಣ್ಣ “ನೀವೇ ಹೇಳ್ರೋ, ಏನು ಮಾಡೋಣ” ಅಂದಾಗ ಐದು ನಿಮಿಷ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಮಾತು ನಿಲ್ಲಲೇ ಇಲ್ಲ.

ಎರಡನೆಯದು ಅಣ್ಣನಿಗೆ ತುಂಬ ಕಷ್ಟವಾಯಿತು. ಪ್ರಾಕ್ಟೀಸಿನಲ್ಲಿ ತಾವು ಆಡುವುದನ್ನು ನಿಲ್ಲಿಸಿದರು. ಸೈಡ್‌ಲೈನಿನಲ್ಲಿ ನಿಂತವರ ಬಲಗಾಲು ಮಾತ್ರ ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಿತ್ತು. ಆಟ ಬಿಟ್ಟ ಆಟಗಾರನಿಗೆ ಚೆಂಡು ಮುಟ್ಟದೆ ನಿಲ್ಲುವುದು ಎಂಥ ನೋವು ಅಂತ ಆಗ ನೋಡಿದೆ.

ಸ್ಟಾಪರ್ ವಿಷಯಕ್ಕೆ ಅವರು ಒಂದು ಸಂಜೆ ಪ್ರತ್ಯೇಕ ಸಮಯ ಕೊಟ್ಟರು. ಮೈದಾನದ ಸುತ್ತ ಅವನ ಜೊತೆ ನಡೆದರು. ಕೂರಿಸಿ ಮಾತಾಡಿದರೆ ವಿಚಾರಣೆ ಆಗುತ್ತದೆ, ನಡೆಯುತ್ತಾ ಮಾತಾಡಿದರೆ ಹುಡುಗ ಬಾಯಿ ಬಿಡುತ್ತಾನೆ. ಇದು ಅಣ್ಣ ಕಂಡುಕೊಂಡದ್ದು, ಇವತ್ತಿಗೂ ನಾನು ಪಾಲಿಸುತ್ತೇನೆ. ಎರಡು ಸುತ್ತು ಸ್ಟಾಪರ್ ಏನೂ ಹೇಳಲಿಲ್ಲ. ಮೂರನೇ ಸುತ್ತಿನಲ್ಲಿ, “ಅವತ್ತು ಎಲ್ಲರ ಮುಂದೆ ನಗ್ಬಾರ್ದಿತ್ತು ಅಣ್ಣಾ” ಅಂದನಂತೆ. ಅಣ್ಣ ಮಾರನೇ ದಿನ ಎಲ್ಲರ ಮುಂದೆಯೇ “ಅದು ನನ್ನ ತಪ್ಪು ಮಗಾ” ಅಂದರು. ಇದಕ್ಕೆ ದೊಡ್ಡ ಮನಸ್ಸು ಬೇಕು.

ಇನ್ನು ಹಾಫ್ ಟೈಮ್. ಮೊದಲ ನಾಲ್ಕು ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ನೀರು, ಬಾಳೆಹಣ್ಣು, ತಣ್ಣೀರಲ್ಲಿ ಅದ್ದಿದ ಟವೆಲ್. ಆಮೇಲೆ ಬೋರ್ಡಿನ ಮುಂದೆ ಹುಡುಗರ ಪ್ರಶ್ನೆಗಳು, ಅದಕ್ಕೆ ಉತ್ತರ. ಕೊನೆಯ ಎರಡು ನಿಮಿಷ ಅಣ್ಣನದು. ಆ ಎರಡು ನಿಮಿಷದಲ್ಲಿ ಹಿಂದಿನ ಬೆಂಕಿ ಇತ್ತು, ಆದರೆ ಈಗ ಹುಡುಗರಿಗೆ ಎಲ್ಲಿ ಓಡಬೇಕು ಅಂತ ಗೊತ್ತಿತ್ತು. ಹಿಂದಿಯಲ್ಲಿ ಹೇಳುವುದು ನನ್ನ ಪಾಲಿಗೆ ಬಂತು. ಲೆಫ್ಟ್ ವಿಂಗರ್ ಪಕ್ಕ ಕೂತು ಕಿವಿಯಲ್ಲಿ ಹೇಳುತ್ತಿದ್ದೆ.

ಮನಶ್ಶಾಸ್ತ್ರದಲ್ಲಿ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬ ಇಬ್ಬರ ಸಿದ್ಧಾಂತ ಒಂದಿದೆ. ಮನುಷ್ಯ ಒಳಗಿನಿಂದಲೇ ಹುರುಪಿನಿಂದ ಕೆಲಸ ಮಾಡಬೇಕಾದರೆ ಮೂರು ಬೇಕು ಅನ್ನುತ್ತಾರೆ: ಇದು ನನ್ನ ನಿರ್ಧಾರ ಅನಿಸಬೇಕು, ನನಗಿದು ಬರುತ್ತದೆ ಅನಿಸಬೇಕು, ಇವರು ನನ್ನವರು ಅನಿಸಬೇಕು. ನಾನಿದನ್ನು ಓದಿದ್ದು ಆ ಸೀಸನ್ ಮುಗಿದ ಮೇಲೆ. ಓದುವಾಗ ಒಂದೊಂದಕ್ಕೂ ಒಬ್ಬೊಬ್ಬರ ಮುಖ ಕಣ್ಣ ಮುಂದೆ ಬಂತು. ದಂಡದ ಬದಲು ತಾವೇ ನಿಯಮ ಮಾಡಿಕೊಂಡ ಹುಡುಗರು, ಉತ್ತರ ಸಿಕ್ಕ ಲೆಫ್ಟ್ ಬ್ಯಾಕ್, ತಡವಾಗಿ ಚಪ್ಪಾಳೆ ತಟ್ಟಿದ ಮಣಿಪುರದ ಹುಡುಗ.

ಸರಿಹೋಗದ್ದು

ಮೆತ್ತಗಾದರೆ ಎಲ್ಲ ಸರಿಹೋಗುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮ ಸೀನಿಯರ್ ಸ್ಟ್ರೈಕರ್‌ಗೆ ಆಗ ಮೂವತ್ತರ ಹತ್ತಿರ. ಅಣ್ಣ ಬೈಯುವುದು ನಿಲ್ಲಿಸಿದ ಮೇಲೆ ಅವನ ಆಟವೇ ಮಂಕಾಯಿತು. ಎರಡು ಪಂದ್ಯ ನೋಡಿ ತಾನೇ ಬಂದ: “ಅಣ್ಣಾ, ನನ್ನ ಬೈಯಿ. ನೀನು ಬೈದಿಲ್ಲ ಅಂದ್ರೆ ನನ್ನನ್ನ ಬಿಟ್ಟುಬಿಟ್ಟಿದ್ದೀಯ ಅನ್ಸುತ್ತೆ.” ಅವನಿಗೆ ಬೈಗುಳ ಅಂದರೆ ಗಮನ. ಸ್ಟಾಪರ್‌ಗೆ ಅದೇ ಬೈಗುಳ ಅಂದರೆ ಅವಮಾನ. ಅಲ್ಲಿಂದ ಅಣ್ಣ ಅವನೊಬ್ಬನಿಗೆ ಮನಸಾರೆ ಬೈದರು. ಉಳಿದವರಿಗೆ ಕಾರಣ ಗೊತ್ತಿದ್ದರಿಂದ ಯಾರಿಗೂ ಬೇಜಾರಾಗಲಿಲ್ಲ.

ರೈಟ್ ವಿಂಗರ್ ಮಾತ್ರ ಕೈ ತಪ್ಪಿದ. ಕಾರಣ ಹೇಳದೆ ಬೆಂಚಿನಲ್ಲಿ ಕೂರಿಸಿದ್ದೆವಲ್ಲ, ಅವನು. ಅಣ್ಣ ಮಾತಾಡಬೇಕು ಅಂದುಕೊಳ್ಳುವಷ್ಟರಲ್ಲಿ ಅವನು ಮಲಪ್ಪುರಂ ಕಡೆ ಹೋಗಿಬಿಟ್ಟಿದ್ದ. ಮಲಬಾರಿನಲ್ಲಿ ಸೆವೆನ್ಸ್ ಫುಟ್‌ಬಾಲ್ ಅಂದರೆ ಜಾತ್ರೆ ಇದ್ದ ಹಾಗೆ. ಏಳೇಳು ಜನರ ತಂಡ, ರಾತ್ರಿ ಲೈಟಿನಲ್ಲಿ ಆಟ, ಗ್ಯಾಲರಿ ತುಂಬ ಜನ, ಪಂದ್ಯಕ್ಕೆ ಇಷ್ಟು ಅಂತ ದುಡ್ಡು. ಅಣ್ಣ ಫೋನ್ ಮಾಡಿದರು. ಹುಡುಗ ಮರ್ಯಾದೆಯಿಂದಲೇ ಮಾತಾಡಿದ: “ಅಲ್ಲಿ ನಾನು ಬೇಡವಾಗಿದ್ದೆ ಅಂದ್ಕೊಂಡೆ ಅಣ್ಣಾ.” ಬರೀ ದುಡ್ಡಿಗೆ ಹೋದ ಅಂತ ಕ್ಲಬ್‌ನವರು ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎರಡು ನಿಮಿಷದ ಒಂದು ಮಾತು ಬಾಕಿ ಇತ್ತು. ಅದನ್ನು ಆಡಬೇಕಾದವರಲ್ಲಿ ನಾನೂ ಒಬ್ಬ. ಆ ತಂಡದ ಅತಿ ವೇಗದ ಆಟಗಾರ ಅವನು.

ಕೊನೆಗೆ ಆದದ್ದು

ಕಪ್ ಗೆಲ್ಲಲಿಲ್ಲ, ಸೂಪರ್ ಡಿವಿಷನ್‌ಗೂ ಏರಲಿಲ್ಲ. ಕೊನೆಯ ಪಂದ್ಯದಲ್ಲಿ ಡ್ರಾ ಮಾಡಿಕೊಂಡು ಎ ಡಿವಿಷನ್‌ನಲ್ಲಿ ಉಳಿದೆವು. 0-1 ಹಿಂದೆ ಇದ್ದಾಗ ಹಾಫ್ ಟೈಮ್‌ನಲ್ಲಿ ಲೆಫ್ಟ್ ಬ್ಯಾಕ್ ಎಲ್ಲರಿಗೂ ಕೇಳುವ ಹಾಗೆ ಪ್ರಶ್ನೆ ಹಾಕಿದ. ಅಣ್ಣ ಬಾಯಿ ತೆರೆಯುವ ಮೊದಲೇ ಸ್ಟಾಪರ್ ಎದ್ದು, “ನೀನು ವಿಂಗರ್ ಹಿಡ್ಕೋ, ಒಳಗೆ ಬಂದ್ರೆ ನಂದು” ಅಂದ. ಅಣ್ಣ ಕೈಯಲ್ಲಿದ್ದ ಮಾರ್ಕರಿಗೆ ಮುಚ್ಚಳ ಹಾಕಿ ಜೇಬಿಗಿಟ್ಟರು.

ಈಗ ಅಣ್ಣ ಹದಿನೇಳರ ಒಳಗಿನ ಹುಡುಗರ ತಂಡ ನೋಡಿಕೊಳ್ಳುತ್ತಾರೆ. ಹೋದ ತಿಂಗಳು ಅವರ ಪ್ರಾಕ್ಟೀಸ್ ನೋಡಲು ಹೋಗಿದ್ದೆ. ಹಾಜರಿ ಪುಸ್ತಕ ತೆಗೆದು ನೋಡಿದೆ, ನನ್ನ ಹಳೇ ಚಾಳಿ. ಮೊದಲು ನಾನು ಗೆರೆ ಎಳೆಯುತ್ತಿದ್ದದ್ದು ಮೂರು ಕಾಲಂ: ಬಂದ, ಬರಲಿಲ್ಲ, ದಂಡ. ಇದರಲ್ಲಿ ಬೇರೆ ಇದ್ದವು. ರಾತ್ರಿ ಎಷ್ಟಕ್ಕೆ ಮಲಗಿದೆ, ಬೆಳಗ್ಗೆ ಏನು ತಿಂದೆ, ಇವತ್ತು ಏನು ಕಲಿಯಬೇಕು. ಹುಡುಗರೇ ಬಂದು ಬರೆಯುತ್ತಿದ್ದರು. ಹೊಸದಾಗಿ ಸೇರಿದ ಸಣಕಲ ಹುಡುಗನೊಬ್ಬ ಎರಡನೇ ಕಾಲಂನಲ್ಲಿ ‘ಏನೂ ಇಲ್ಲ’ ಅಂತ ಬರೆದು ಓಡಲು ಹೊರಟ. ಅಣ್ಣ ಹೆಗಲ ಮೇಲೆ ಕೈ ಹಾಕಿ ತಡೆದರು. ನನ್ನ ಕಡೆ ತಿರುಗಿ, “ಹೋಟ್ಲು ತೆರೆದಿದೆ ನೋಡು, ಇಡ್ಲಿ ಕೊಡಿಸ್ಕೊಂಡು ಬಾ. ಆಮೇಲೆ ಓಡ್ತಾನೆ” ಅಂದರು.